ಅಪ್ಪ ಕುಡಿಯುತ್ತಿದ್ದರು, ನಾನೂ ಹಾಗೇ ಆಗುತ್ತೇನಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಕುಡಿತದ ಚಟ ಹುಟ್ಟಿನಿಂದ ಬರುತ್ತಾ, ಬೆಳೆದ ಮನೆಯಿಂದ ಬರುತ್ತಾ? ಹಾಗಾಗಿ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು, ವಿಳಾಸ ಹಾಕಿಲ್ಲ.

ಪ್ರಶ್ನೆ: ಡಾಕ್ಟರೇ, ನನಗೆ 27 ವರ್ಷ. ಅಜ್ಜ ಕುಡಿತದಿಂದಲೇ ಹೋದರು. ಅಪ್ಪ ಲಿವರ್ ಹಾಳಾಗಿ 52ನೇ ವಯಸ್ಸಿಗೆ ತೀರಿಕೊಂಡರು. ಅಣ್ಣ ಈಗ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವ ಹಂತಕ್ಕೆ ಬಂದಿದ್ದಾನೆ. ನಾನು ಇವತ್ತಿನವರೆಗೂ ಮುಟ್ಟಿಲ್ಲ. ಆದರೆ ಚಿಕ್ಕಂದಿನಿಂದ ನೆಂಟರೆಲ್ಲ ಹೇಳೋದು ಒಂದೇ ಮಾತು, 'ಇದು ನಿಮ್ಮ ವಂಶದಲ್ಲೇ ಇದೆ, ನೀನೂ ಹಾಗೇ ಆಗ್ತೀಯ'. ಈಗ ಮದುವೆ ನಿಶ್ಚಯವಾಗಿದೆ. ಹುಡುಗಿಗೆ ಎಲ್ಲವನ್ನೂ ಹೇಳಿದ್ದೇನೆ. ಅವಳು ಕೇಳಿದ್ದು, 'ನಮ್ಮ ಮಕ್ಕಳಿಗೂ ಬರುತ್ತಾ?' ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ?

ಉತ್ತರ: ಬಂದೇ ಬರುತ್ತದೆ ಅಂತೇನಿಲ್ಲ. ಹಾಗಂತ 'ಏನೂ ಆಗಲ್ಲ, ಆರಾಮಾಗಿರಿ' ಅಂದರೆ ಅದೂ ಸುಳ್ಳಾಗುತ್ತದೆ. ಅಪ್ಪನಿಗೋ ಅಮ್ಮನಿಗೋ ಕುಡಿತದ ಚಟ ಇದ್ದರೆ ಮಕ್ಕಳಿಗೆ ಅದು ಹತ್ತುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಮೂರು ನಾಲ್ಕು ಪಟ್ಟು ಜಾಸ್ತಿ. ಇಷ್ಟಾದರೂ ಅಂಥ ಮನೆಗಳ ಹೆಚ್ಚಿನ ಮಕ್ಕಳು ಆ ದಾರಿ ಹಿಡಿಯುವುದಿಲ್ಲ. ಎರಡೂ ನಿಜ. ಎರಡನ್ನೂ ನಿಮ್ಮ ಹುಡುಗಿಗೆ ಹೇಳಿ.

ಜೀನ್‌ಗಳ ಪಾಲು ಎಷ್ಟು ಅಂತ ತಿಳಿಯಲು ವಿಜ್ಞಾನಿಗಳು ಅವಳಿಗಳನ್ನು ನೋಡುತ್ತಾರೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಬೇರೆ ಬೇರೆ ಅಂಡದಿಂದ ಹುಟ್ಟಿದವರು ಮಾಮೂಲಿ ಅಣ್ಣತಮ್ಮಂದಿರಷ್ಟೇ ಹತ್ತಿರ. ಎರಡೂ ಬಗೆಯವರು ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಬೆಳೆದಿರುತ್ತಾರೆ. ಮೊದಲನೆಯ ಬಗೆಯ ಜೋಡಿಯಲ್ಲಿ ಇಬ್ಬರಿಗೂ ಚಟ ಹತ್ತುವುದು ಜಾಸ್ತಿ ಕಂಡರೆ ಅದು ಜೀನ್‌ಗಳ ಕೆಲಸ. ಹಲವು ದೇಶಗಳ ಇಂಥ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸುಮಾರು 50% ಎಂಬ ಉತ್ತರ ಬರುತ್ತದೆ. ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಈ 50% ಅನ್ನು ಎಲ್ಲರೂ ತಪ್ಪಾಗಿ ಓದುತ್ತಾರೆ. ನಿಮಗೆ ಚಟ ಹತ್ತುವ ಸಾಧ್ಯತೆ 50% ಅಂತ ಇದರ ಅರ್ಥವಲ್ಲ. ಸಾವಿರಾರು ಜನರಲ್ಲಿ ಕೆಲವರಿಗೆ ಚಟ ಹತ್ತುತ್ತದೆ, ಉಳಿದವರಿಗೆ ಹತ್ತುವುದಿಲ್ಲ. ಈ ವ್ಯತ್ಯಾಸದಲ್ಲಿ ಅರ್ಧದಷ್ಟು ಜೀನ್‌ಗಳಿಂದ ಬಂದದ್ದು, ಇನ್ನರ್ಧ ಬದುಕಿನಿಂದ ಬಂದದ್ದು. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು 'ಇವನಲ್ಲಿ ಅರ್ಧ ಅಪ್ಪನದು, ಅರ್ಧ ಸಹವಾಸದ್ದು' ಅಂತ ಪಾಲು ಮಾಡಲು ಬರುವುದಿಲ್ಲ.

ಇನ್ನು, ಹುಟ್ಟಿನಿಂದ ಬರೋದು ಕುಡಿತ ಅಲ್ಲ. ಮದ್ಯ ಒಳಗೆ ಹೋದಾಗ ದೇಹ ಅದನ್ನು ಹೇಗೆ ಕರಗಿಸುತ್ತದೆ, ಮಿದುಳಿಗೆ ಅದು ಎಷ್ಟು ಹಿತ ಕೊಡುತ್ತದೆ, ಕೈ ಮುಂದೆ ಹೋಗುವಾಗ ಮನಸ್ಸು ಎಷ್ಟು ಬೇಗ ತಡೆಯುತ್ತದೆ, ಇಂಥವು ಬರುತ್ತವೆ. ಅದಕ್ಕೆ ಒಂದೆರಡಲ್ಲ, ನೂರಾರು ಜೀನ್‌ಗಳು ಸೇರಬೇಕು. ಒಂದೊಂದರದ್ದೂ ಚೂರು ಚೂರು ಪಾಲು. ನಿಮ್ಮ ರಕ್ತ ಪರೀಕ್ಷೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. 'ಈತನಿಗೆ ಚಟ ಹತ್ತುತ್ತದೆ, ಈತನಿಗಿಲ್ಲ' ಎಂದು ಹೇಳುವ ಪರೀಕ್ಷೆ ಇಲ್ಲ. ಹೇಳುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಜ್ಜ, ಅಪ್ಪ, ಅಣ್ಣ ಅಂತ ನೀವು ಬರೆದ ಆ ನಾಲ್ಕು ಸಾಲು ಯಾವ ಪರೀಕ್ಷೆಗಿಂತಲೂ ಜಾಸ್ತಿ ಹೇಳುತ್ತದೆ.

ಒಂದು ಜೀನ್ ಮಾತ್ರ ಇದಕ್ಕೆಲ್ಲ ಹೊರತು. ಎಎಲ್‌ಡಿಎಚ್2 ಅಂತ ಅದರ ಹೆಸರು. ಪೂರ್ವ ಏಷ್ಯಾದ ಜಪಾನ್, ಚೀನಾ, ಕೊರಿಯಾದಂಥ ದೇಶಗಳಲ್ಲಿ ತುಂಬಾ ಜನರಿಗೆ ಇದರ ಬೇರೊಂದು ರೂಪ ಇರುತ್ತದೆ. ಅವರು ಸ್ವಲ್ಪ ಕುಡಿದರೂ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ದೇಹದಲ್ಲಿ ಉಳಿದುಕೊಂಡು ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ಅಂಥವರಿಗೆ ಚಟ ಹತ್ತುವುದು ಬಹಳ ಕಡಿಮೆ. ಹುಟ್ಟಿನಿಂದಲೇ ಸಿಕ್ಕ ರಕ್ಷಣೆ ಅಲ್ವಾ? ಆದರೆ ಮುಂದೇನಾಯಿತು ನೋಡಿ. ಜಪಾನಿನಲ್ಲಿ ಚಟಕ್ಕೆ ಬಿದ್ದವರ ಪೈಕಿ ಈ ರೂಪ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದವರು 1979ರಲ್ಲಿ 2.5% ಇದ್ದರು. 1986ಕ್ಕೆ 8% ಆದರು, 1992ಕ್ಕೆ 13%. ಹದಿಮೂರು ವರ್ಷದಲ್ಲಿ ಒಂದು ದೇಶದ ಜನರ ಜೀನ್‌ಗಳು ಬದಲಾಗುವುದಿಲ್ಲ. ಬದಲಾದದ್ದು ಅವರ ಸುತ್ತಲ ಬದುಕು. ಅಷ್ಟು ಗಟ್ಟಿ ರಕ್ಷಣೆಯನ್ನೇ ಪರಿಸರ ಮೀರಬಲ್ಲದು ಅಂದರೆ, ನಿಮ್ಮಂಥವರ ಅಪಾಯವನ್ನೂ ಅದು ಅಷ್ಟೇ ಬಲವಾಗಿ ತಗ್ಗಿಸಬಲ್ಲದು ಎನ್ನುವುದು ನನ್ನ ನಂಬಿಕೆ.

ಹೊಸಬರು ನನ್ನ ಹತ್ತಿರ ಬಂದಾಗ ಒಂದು ಹಾಳೆಯ ಮೇಲೆ ಅವರ ಮನೆತನದ ನಕ್ಷೆ ಬರೆಯುತ್ತೇನೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಚಟ ಇದ್ದವರ ಗುರುತಿನೊಳಗೆ ಪೂರ್ತಿ ಮಸಿ ತುಂಬುತ್ತೇನೆ. ಒಮ್ಮೆ ಒಬ್ಬ ಅಣ್ಣ ಚಿಕಿತ್ಸೆಗೆ ಬಂದಿದ್ದರು, ಜೊತೆಗೆ ತಮ್ಮ. ಇಬ್ಬರಿಗೂ ಎರಡು ವರ್ಷ ಅಂತರ. ನಕ್ಷೆಯಲ್ಲಿ ಅಪ್ಪನ ಚೌಕಕ್ಕೆ ಮಸಿ, ಅಣ್ಣನ ಚೌಕಕ್ಕೆ ಮಸಿ, ತಮ್ಮನದು ಖಾಲಿ. ಅಣ್ಣ ಆ ಖಾಲಿ ಚೌಕದ ಮೇಲೆ ಬೆರಳಿಟ್ಟು, 'ಇವನಿಗೆ ಬೇರೆ ಅಪ್ಪ ಇದ್ದ ಮೇಡಂ' ಅಂದರು. ಅರ್ಥವಾಗದೆ ಕೇಳಿದೆ. ಸಂಜೆಯಾದರೆ ಬಾಟಲಿ ತರಲು ಅಪ್ಪ ಕಳಿಸುತ್ತಿದ್ದದ್ದು ದೊಡ್ಡವನನ್ನು. ಲೋಟದ ತಳದಲ್ಲಿ ಉಳಿದದ್ದನ್ನು ಅವನು ನೆಕ್ಕಿ ನೋಡಿದ್ದು ಒಂಬತ್ತನೇ ವಯಸ್ಸಿನಲ್ಲಿ. ಚಿಕ್ಕವನನ್ನು ಆ ಹೊತ್ತಿಗೆ ಅಮ್ಮ ಅಕ್ಕನ ಮನೆಗೆ ಓದಲು ಕಳಿಸಿಬಿಡುತ್ತಿದ್ದರು. ದೊಡ್ಡಮ್ಮನ ಮನೆಯಲ್ಲಿ ಊಟ, ಅಲ್ಲೇ ನಿದ್ದೆ. ಒಂದೇ ಅಪ್ಪ ಅಮ್ಮ, ಒಂದೇ ಸೂರು, ಆದರೆ ಸಂಜೆ ಏಳು ಗಂಟೆ ಇಬ್ಬರಿಗೂ ಬೇರೆ ಬೇರೆ. ಜೀನ್‌ಗಳೂ ಅಣ್ಣತಮ್ಮಂದಿರಿಗೆ ಒಂದೇ ಥರ ಹಂಚಿಕೆಯಾಗುವುದಿಲ್ಲ, ಅದೂ ನಿಜ. ಆದರೆ ಆ ಅಮ್ಮ ಮಾಡಿದ ಕೆಲಸ ಸಣ್ಣದಲ್ಲ.

ನಿಮ್ಮ ಅಣ್ಣನಿಗೂ ನಿಮಗೂ ಏನು ವ್ಯತ್ಯಾಸ ಇತ್ತು ಎಂದು ಒಮ್ಮೆ ಕೂತು ಯೋಚಿಸಿ. ಸುಮ್ನೆ ಕುತೂಹಲಕ್ಕಲ್ಲ. ನಿಮ್ಮನ್ನು ಕಾಪಾಡಿದ್ದು ಯಾವುದೋ ಅದು ನಾಳೆ ನಿಮ್ಮ ಮಕ್ಕಳಿಗೂ ಬೇಕಾಗುತ್ತದೆ.

ಮಕ್ಕಳ ವಿಷಯದಲ್ಲಿ ಮೂರು ಮಾತು ಗಟ್ಟಿಯಾಗಿ ಹೇಳಬಲ್ಲೆ. ಮೊದಲ ಗುಟುಕು ತಡವಾದಷ್ಟೂ ಒಳ್ಳೆಯದು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ, 15 ತುಂಬುವ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಸುಮಾರು 40% ಜನರಿಗೆ ಜೀವನದಲ್ಲಿ ಯಾವಾಗಲಾದರೂ ಚಟ ಹತ್ತಿತ್ತು. 20ರ ನಂತರ ಶುರುಮಾಡಿದವರಲ್ಲಿ ಅದು ಸುಮಾರು 10%. ಬೇಗ ಶುರುಮಾಡುವ ಸ್ವಭಾವವೇ ಸ್ವಲ್ಪ ಮಟ್ಟಿಗೆ ಜೀನ್‌ನಿಂದ ಬಂದಿರಬಹುದು, ಪೂರ್ತಿ ತಪ್ಪನ್ನು ವಯಸ್ಸಿನ ಮೇಲೆ ಹಾಕಲಾಗದು. ಆದರೂ ಬೆಳೆಯುವ ಮಿದುಳಿಗೆ ಮದ್ಯ ಮುಟ್ಟಿಸದಿರುವುದು ನಮ್ಮ ಕೈಯಲ್ಲಿದೆ.

ಎರಡನೆಯದು, ಮನೆಯ ದಿನಚರಿ. ಸ್ಟೀವನ್ ವೊಲಿನ್ ಮತ್ತು ಲಿಂಡಾ ಬೆನೆಟ್ ಎಂಬ ಸಂಶೋಧಕರು 1980ರ ದಶಕದ ಹೊತ್ತಿಗೆ ಕುಡಿತದ ಚಟ ಇದ್ದ ಮನೆಗಳನ್ನೇ ಹುಡುಕಿ ನೋಡಿದರು. ಕುಡಿಯುವವರು ಒಬ್ಬರಿದ್ದರೂ ಒಟ್ಟಿಗೆ ಕೂತು ಊಟ ಮಾಡೋದು, ಹಬ್ಬ, ರಜೆ, ಇವನ್ನೆಲ್ಲ ಕುಡಿತ ಕೆಡಿಸದಂತೆ ಉಳಿಸಿಕೊಂಡ ಮನೆಗಳಲ್ಲಿ ಚಟ ಮುಂದಿನ ತಲೆಮಾರಿಗೆ ಹೋದದ್ದು ಕಡಿಮೆ ಎಂದು ಅವರಿಗೆ ಕಂಡಿತು. ನನಗೆ ಈ ಅಧ್ಯಯನ ಬಹಳ ಇಷ್ಟ. ಯಾಕೆಂದರೆ ಇದರಲ್ಲಿ ಮನೆಯವರು ಮಾಡಬಹುದಾದ ಕೆಲಸ ಇದೆ.

ಮೂರನೆಯದು, ನಿಮ್ಮ ನೆಂಟರ ಆ ಮಾತು. 'ನೀನೂ ಹಾಗೇ ಆಗ್ತೀಯ' ಅಂತ ಮಗುವಿಗೆ ಹೇಳುವವರ ಮೇಲೆ ನನಗೆ ನಿಜವಾಗಿ ಕೋಪ ಬರುತ್ತದೆ. ವಂಶದ ಬಗ್ಗೆ ಹೇಳುತ್ತಿದ್ದೇವೆ ಅಂದುಕೊಂಡು ಅವರು ಮಗುವಿನ ಪರಿಸರವನ್ನು ಹಾಳುಮಾಡುತ್ತಿರುತ್ತಾರೆ. ನಾಳೆ ನಿಮ್ಮ ಮಕ್ಕಳ ಎದುರು ಯಾರೇ ಈ ಮಾತು ಆಡಿದರೂ ಅಲ್ಲೇ ತಡೆಯಿರಿ, ದೊಡ್ಡವರಾಗಿದ್ದರೂ ಸರಿ. ಮಕ್ಕಳಿಗೆ ಹದಿಮೂರು ಹದಿನಾಲ್ಕರ ಹೊತ್ತಿಗೆ ನೀವೇ ಹೇಳಿ: 'ನಮ್ಮ ಮನೆಯವರ ದೇಹಕ್ಕೆ ಮದ್ಯ ಬೇಗ ಅಂಟುತ್ತದೆ, ಬೇರೆಯವರಿಗೆ ಸರಿಹೋಗಿದ್ದು ನಮಗೆ ಸರಿಹೋಗದಿರಬಹುದು.' ಅಷ್ಟೇ ಸಾಕು. ಮದುವೆಗೆ ಶುಭಾಶಯಗಳು. ಮುಚ್ಚಿಡದೆ ಹೇಳಿ ಮದುವೆಯಾಗುತ್ತಿದ್ದೀರಿ, ಅದು ದೊಡ್ಡ ಮಾತು.

ಪ್ರಶ್ನೆ: ಮೇಡಂ, ನಾವು ಒಂದು ಗಂಡುಮಗುವನ್ನು ದತ್ತು ತೆಗೆದುಕೊಂಡಿದ್ದೇವೆ. ಈಗ ಅವನಿಗೆ ಆರು ವರ್ಷ. ಹೆತ್ತ ತಂದೆ ವಿಪರೀತ ಕುಡಿಯುತ್ತಿದ್ದರಂತೆ ಎಂದು ಈಚೆಗೆ ತಿಳಿಯಿತು. ನಮ್ಮಿಬ್ಬರ ಕಡೆ ಯಾರೂ ಕುಡಿಯುವುದಿಲ್ಲ. ಅವನು ಹಟ ಮಾಡಿದಾಗೆಲ್ಲ ನನಗೆ ಭಯವಾಗುತ್ತದೆ.

ಉತ್ತರ: ನಿಮ್ಮ ಮಗನಂಥವರ ಬಗ್ಗೆಯೇ ಒಂದು ಹೆಸರಾಂತ ಅಧ್ಯಯನ ಇದೆ. ಅಮೆರಿಕದ ಮನೋವೈದ್ಯ ಡೊನಾಲ್ಡ್ ಗುಡ್ವಿನ್ ಮತ್ತು ಜೊತೆಗಾರರು ಡೆನ್ಮಾರ್ಕ್‌ನ ದತ್ತು ದಾಖಲೆಗಳನ್ನು ಹಿಡಿದು 1973ರಲ್ಲಿ ಪ್ರಕಟಿಸಿದ್ದು. ಹೆತ್ತವರಲ್ಲಿ ಒಬ್ಬರಿಗೆ ಚಟ ಇದ್ದು, ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ಹೋಗಿ ಬೆಳೆದ 55 ಗಂಡುಮಕ್ಕಳು ದೊಡ್ಡವರಾದ ಮೇಲೆ ಹೇಗಿದ್ದಾರೆ ಎಂದು ನೋಡಿದರು. ಚಟದ ಹಿನ್ನೆಲೆ ಇಲ್ಲದ 78 ದತ್ತುಮಕ್ಕಳೊಂದಿಗೆ ಹೋಲಿಸಿದರು. ಮೊದಲ ಗುಂಪಿನಲ್ಲಿ 18% ಜನರಿಗೆ ಚಟ ಹತ್ತಿತ್ತು, ಎರಡನೆಯದರಲ್ಲಿ 5%. ಹೆತ್ತವರನ್ನು ನೋಡದೆಯೇ ಬೆಳೆದರೂ ಮೂರು ಪಟ್ಟಿಗಿಂತ ಜಾಸ್ತಿ. ಜೀನ್‌ಗಳ ಪಾತ್ರಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಆಗ ಇರಲಿಲ್ಲ.

ಅದೇ ಲೆಕ್ಕವನ್ನು ಈ ಕಡೆಯಿಂದ ಓದಿ. 82% ಜನರಿಗೆ ಹತ್ತಿರಲಿಲ್ಲ. ಆಗ ಅವರೆಲ್ಲ ಮೂವತ್ತರ ಆಸುಪಾಸಿನವರು, ಮುಂದೆ ಇನ್ನೂ ಕೆಲವರಿಗೆ ಹತ್ತಿರಬಹುದು. ಆದರೂ ನಿಮ್ಮ ಭಯದ ಅಳತೆಗೂ ಈ ಲೆಕ್ಕಕ್ಕೂ ಬಹಳ ಅಂತರ ಇದೆ.

ಆರು ವರ್ಷದ ಮಗುವಿನ ಹಟ ಅಂದರೆ ಆರು ವರ್ಷದ ಮಗುವಿನ ಹಟ, ಅಷ್ಟೇ. ಅದರಲ್ಲಿ ಹೆತ್ತ ತಂದೆಯನ್ನು ಹುಡುಕಬೇಡಿ. ಹುಡುಕುವ ಕಣ್ಣು ಮಗುವಿಗೆ ತಿಳಿದುಬಿಡುತ್ತದೆ. ಮಂಗಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ತಾಯಿ ಜೊತೆ ಬೆಳೆದ ಮರಿಗಳಿಗಿಂತ ತಾಯಿಯಿಲ್ಲದೆ ಜೊತೆಯ ಮರಿಗಳೊಂದಿಗೆ ಮಾತ್ರ ಬೆಳೆದವು ದೊಡ್ಡವಾದ ಮೇಲೆ ಜಾಸ್ತಿ ಮದ್ಯ ಕುಡಿದವು. ಮನುಷ್ಯರಲ್ಲೂ ಹಾಗೇ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಬಾಲ್ಯದ ಕಷ್ಟಗಳ ಅಧ್ಯಯನದಲ್ಲಿ, ಹೊಡೆತ, ನಿಂದನೆ, ಮನೆಯೊಳಗಿನ ಹಿಂಸೆಯಂಥ ನಾಲ್ಕು ಅಥವಾ ಜಾಸ್ತಿ ಬಗೆಯ ಕಷ್ಟ ಕಂಡವರಲ್ಲಿ ಕುಡಿತದ ಚಟದ ಅಪಾಯ ಹಲವು ಪಟ್ಟು ಏರಿತ್ತು. ನಿಮ್ಮ ಮಗನಿಗೆ ಆ ಕಷ್ಟಗಳಿಲ್ಲದ ಮನೆ ಸಿಕ್ಕಿದೆ. ಅದನ್ನು ಕೊಟ್ಟವರು ನೀವು.

ಒಂದು ವಿಷಯ ಮಾತ್ರ ವಿಚಾರಿಸಿ. ಹೆತ್ತ ತಾಯಿ ಬಸುರಿಯಿದ್ದಾಗ ಕುಡಿಯುತ್ತಿದ್ದರಾ? ಅದು ವಂಶದ ವಿಷಯವಲ್ಲ, ಹೊಟ್ಟೆಯಲ್ಲಿದ್ದ ಮಗುವಿನ ಮಿದುಳಿಗೆ ನೇರವಾಗಿ ಆಗುವ ಪೆಟ್ಟು. ಹೌದು ಎಂದಾದರೆ, ಅಥವಾ ಕಲಿಕೆಯಲ್ಲಿ, ಗಮನದಲ್ಲಿ ತೊಂದರೆ ಕಂಡರೆ, ಮಕ್ಕಳ ಡಾಕ್ಟರಿಗೆ ಈಗಲೇ ತೋರಿಸಿ. ಬೇಗ ತಿಳಿದರೆ ಸಹಾಯ ಮಾಡಲು ಬಹಳ ದಾರಿಗಳಿವೆ.

ಪ್ರಶ್ನೆ: ಅಪ್ಪನಿಗೆ ಚಟ ಇತ್ತು ನಿಜ. ಆದರೆ ನನಗೆ 22 ವರ್ಷ, ಎಷ್ಟು ಕುಡಿದರೂ ಏರಲ್ಲ. ಗೆಳೆಯರೆಲ್ಲ ಮಲಗಿದ ಮೇಲೂ ನಾನು ನೆಟ್ಟಗಿರುತ್ತೇನೆ. ಅಂದರೆ ನನ್ನ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಇದೆ ಅಂತ ತಾನೇ?

ಉತ್ತರ: ಅಲ್ಲ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ನಿಮ್ಮ ವಯಸ್ಸಿನವರನ್ನೇ ಇಟ್ಟುಕೊಂಡು ಮಾರ್ಕ್ ಶುಕಿಟ್ ಎಂಬ ಮನೋವೈದ್ಯರು ಅಮೆರಿಕದಲ್ಲಿ ಪರೀಕ್ಷೆ ಮಾಡಿದರು. ಅಳತೆ ಮಾಡಿ ಮದ್ಯ ಕೊಟ್ಟು, ಅಮಲು ಎಷ್ಟು ಅನ್ನಿಸುತ್ತದೆ, ನಿಂತಾಗ ಎಷ್ಟು ತೂರಾಡುತ್ತಾರೆ ಎಂದು ಬರೆದುಕೊಂಡರು. ಅಪ್ಪನಿಗೆ ಚಟ ಇದ್ದ ಹುಡುಗರಲ್ಲಿ ಕಡಿಮೆ ಏರುವವರು ಜಾಸ್ತಿ ಇದ್ದರು. ಸುಮಾರು ಹತ್ತು ವರ್ಷ ಕಳೆದ ಮೇಲೆ ಅವರನ್ನೇ ಮತ್ತೆ ಹುಡುಕಿದರು. 1994ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅಪ್ಪನಿಗೆ ಚಟ ಇದ್ದು ತಮಗೆ ಕಡಿಮೆ ಏರುತ್ತಿದ್ದವರಲ್ಲಿ 56% ಜನ ಚಟಕ್ಕೆ ಬಿದ್ದಿದ್ದರು. ಅಪ್ಪನಿಗೆ ಚಟ ಇದ್ದರೂ ಚೆನ್ನಾಗಿ ಏರುತ್ತಿದ್ದವರಲ್ಲಿ 14%.

'ಸಾಕು' ಎಂದು ಬೇರೆಯವರ ದೇಹ ಎರಡನೇ ಲೋಟಕ್ಕೇ ಹೇಳುತ್ತದೆ. ನಿಮ್ಮದು ಹೇಳುವುದಿಲ್ಲ. ಹಾಗಾಗಿ ಅದೇ ಖುಷಿಗೆ ನೀವು ಜಾಸ್ತಿ ಕುಡಿಯುತ್ತೀರಿ. ಜಾಸ್ತಿ ಕುಡಿಯುವವರ ಜೊತೆಯೇ ಸೇರುತ್ತೀರಿ. ಹುಟ್ಟಿನಿಂದ ಬಂದ ಗುಣ ನಿಮ್ಮ ಸಹವಾಸವನ್ನೂ ಆರಿಸುವುದು ಹೀಗೆ. ಅಮಲು ಕಾಣದಿದ್ದರೂ ಲಿವರ್‌ಗೆ ಅಷ್ಟೂ ಮದ್ಯ ಲೆಕ್ಕಕ್ಕೆ ಸಿಗುತ್ತದೆ. ನೀವು 22ಕ್ಕೇ ಬರೆದಿದ್ದೀರಿ, ಅದಕ್ಕೆ ನನಗೆ ಸಮಾಧಾನ. ನನ್ನ ಸಲಹೆ, ಪೂರ್ತಿ ಬಿಟ್ಟುಬಿಡಿ. ಒಂದು ತಿಂಗಳು ಬಿಟ್ಟು ನೋಡಲು ಕಷ್ಟವಾದರೆ ತಡಮಾಡದೆ ಡಾಕ್ಟರನ್ನು ಕಾಣಿ.

ಪ್ರಶ್ನೆ: ಮದುವೆಯಾಗಿ 16 ವರ್ಷ. ಗಂಡ ದಿನಾ ಕುಡಿಯುತ್ತಾರೆ. ಬೆಳಿಗ್ಗೆ ಕೈ ನಡುಗುತ್ತದೆ, ಸ್ವಲ್ಪ ಕುಡಿದರೆ ನಿಲ್ಲುತ್ತದೆ. ಬಿಡಿ ಅಂದರೆ, 'ನಮ್ಮಪ್ಪನಿಂದ ಬಂದಿದ್ದು, ರಕ್ತದಲ್ಲೇ ಇದೆ, ನಾನೇನು ಮಾಡ್ಲಿ' ಅನ್ನುತ್ತಾರೆ. ಪರಿಚಯದವರೊಬ್ಬರು ಒಂದು ಮಾತ್ರೆಯ ಹೆಸರು ಹೇಳಿದ್ದಾರೆ. ಗೊತ್ತಾಗದಂತೆ ಸಾರಿನಲ್ಲಿ ಹಾಕಿ ಕೊಟ್ಟರೆ ಕುಡಿತದ ಮೇಲೆ ಅಸಹ್ಯ ಹುಟ್ಟುತ್ತದಂತೆ. ಕೊಡಲಾ?

ಉತ್ತರ: ಕೊಡಬೇಡಿ ತಾಯಿ. ಖಂಡಿತ ಬೇಡ.

ಆ ಮಾತ್ರೆ ಬಹುಶಃ ಡೈಸಲ್ಫಿರಾಮ್. ಡೆನ್ಮಾರ್ಕ್‌ನ ಜೆನ್ಸ್ ಹಾಲ್ಡ್ ಮತ್ತು ಎರಿಕ್ ಜೇಕಬ್ಸನ್ ಅದನ್ನು ಹೊಟ್ಟೆಹುಳದ ಔಷಧಿಯಾದೀತೇ ಎಂದು ತಾವೇ ನುಂಗಿ ನೋಡುತ್ತಿದ್ದರು. ಆ ದಿನಗಳಲ್ಲಿ ಸ್ವಲ್ಪ ಮದ್ಯ ಕುಡಿದರೂ ಮುಖ ಕೆಂಪೇರಿ ಸಂಕಟವಾಗುತ್ತಿತ್ತು. 1948ರಲ್ಲಿ ಅವರ ವರದಿ ಹೊರಬಂತು, ಕುಡಿತ ಬಿಡಿಸುವ ಔಷಧಿಯಾಗಿ ಅದು ಬಳಕೆಗೆ ಬಂತು. ಮೇಲೆ ಹೇಳಿದೆನಲ್ಲ, ಪೂರ್ವ ಏಷ್ಯಾದ ಎಷ್ಟೋ ಜನರಿಗೆ ಹುಟ್ಟಿನಿಂದ ಇರುವ ಆ ರಕ್ಷಣೆ, ಅದನ್ನೇ ಈ ಮಾತ್ರೆ ಔಷಧಿಯ ರೂಪದಲ್ಲಿ ಕೊಡುತ್ತದೆ. ತಿಳಿದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಒಳ್ಳೆಯ ಔಷಧಿ. ತಿಳಿಯದೆ ಮಾತ್ರೆಯ ಮೇಲೆ ಕುಡಿದರೆ ರಕ್ತದೊತ್ತಡ ಕುಸಿಯಬಹುದು, ಹೃದಯಕ್ಕೆ ಏಟಾಗಬಹುದು, ಪ್ರಾಣವೇ ಹೋಗಬಹುದು. ಕೊನೆಯ ಮಾತ್ರೆ ತೆಗೆದುಕೊಂಡು ಎರಡು ವಾರದವರೆಗೂ ಈ ಅಪಾಯ ಇರುತ್ತದೆ.

ಇನ್ನೊಂದು ಎಚ್ಚರಿಕೆ ಇಷ್ಟೇ ಮುಖ್ಯ. 'ಇವತ್ತಿಂದ ಒಂದು ಹನಿಯೂ ಇಲ್ಲ' ಅಂತ ಮನೆಯಲ್ಲಿ ಕೂಡಿ ಹಾಕಬೇಡಿ. ಬೆಳಗಿನ ಕೈನಡುಕ ಅಂದರೆ ಅವರ ಮಿದುಳು ಮದ್ಯಕ್ಕೆ ಒಗ್ಗಿಹೋಗಿದೆ ಅಂತ. ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನದ ಹೊತ್ತಿಗೆ ಬುದ್ಧಿ ಕಲಸಿ, ಇಲ್ಲದ್ದೆಲ್ಲ ಕಂಡು, ಜೀವಕ್ಕೇ ಅಪಾಯವಾಗುವ ಸ್ಥಿತಿ ಬರಬಹುದು. ಡಾಕ್ಟರು ಕೆಲವು ದಿನ ಔಷಧಿ ಮತ್ತು ವಿಟಮಿನ್ ಬಿ1 ಕೊಟ್ಟು ಸುರಕ್ಷಿತವಾಗಿ ಇಳಿಸುತ್ತಾರೆ. ಆಮೇಲೆ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ.

'ರಕ್ತದಲ್ಲೇ ಇದೆ' ಎಂಬ ಮಾತಿಗೆ ಜಗಳ ಮಾಡಬೇಡಿ. ಅದರಲ್ಲಿ ಅರ್ಧ ನಿಜ ಇದೆ. ಬಹಳ ಸಲ ಅದು ನೆಪವಲ್ಲ, ಸೋತವರ ಮಾತು. ಎಷ್ಟೋ ಸಲ ಬಿಡಲು ನೋಡಿ ಆಗದೆ ಹೋದವರು ಹಾಗೆ ಹೇಳುತ್ತಾರೆ. ಬೆಳಿಗ್ಗೆ, ಅಮಲು ಇಲ್ಲದ ಹೊತ್ತು ನೋಡಿ ಹೇಳಿ: 'ಹೌದು, ನಿಮಗೆ ಬೇರೆಯವರಿಗಿಂತ ಕಷ್ಟ ಜಾಸ್ತಿ. ಅದಕ್ಕೇ ಒಬ್ಬರೇ ಬಿಡೋಕೆ ಆಗ್ತಿಲ್ಲ. ಡಾಕ್ಟರ ಹತ್ತಿರ ನಾನೂ ಬರ್ತೀನಿ.' ಬಿಪಿ, ಶುಗರ್ ಕೂಡ ವಂಶದಲ್ಲಿ ಬರುತ್ತವೆ, ಅವಕ್ಕೆ ಮಾತ್ರೆ ತೆಗೆದುಕೊಳ್ಳಲು ಯಾರೂ ನಾಚುವುದಿಲ್ಲ. ಹೊಡೆತ ಬಡಿತ ಇದ್ದರೆ ಮಾತ್ರ ಮೊದಲು ನೀವು, ಮಕ್ಕಳು ಸುರಕ್ಷಿತವಾಗಿರುವ ಜಾಗ ನೋಡಿಕೊಳ್ಳಿ. ಅದಕ್ಕೆ ವಂಶದ ನೆಪ ನಡೆಯುವುದಿಲ್ಲ.

ಅವರು ಬರಲು ಒಪ್ಪದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಎಷ್ಟು ಹೊತ್ತಿಗೆ ಶುರು, ಹಿಂದೆ ಫಿಟ್ಸ್ ಬಂದಿತ್ತಾ, ಬೇರೆ ಏನು ಔಷಧಿ ತೆಗೆದುಕೊಳ್ಳುತ್ತಾರೆ, ಇಷ್ಟು ಬರೆದುಕೊಂಡಿರಿ. ಆ ಮಾತ್ರೆಯನ್ನು ಈಗಾಗಲೇ ತಂದಿಟ್ಟಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಒಂದೆರಡು ಸಲ ಕೊಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಅವರು ನಿಮ್ಮನ್ನು ಬೈಯುವುದಿಲ್ಲ, ಚಿಕಿತ್ಸೆಗೆ ಅವರಿಗೆ ಆ ಮಾಹಿತಿ ಬೇಕು.